ನನ್ನ ಪುಸ್ತಕಕ್ಕೆ ಅವರು ತೊಡಿಸಿದ ಬಟ್ಟೆ

ಪುಸ್ತಕದ ಮೇಲೆ ಬಂಗಾರದ ಬಣ್ಣ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾರಾದರೂ ಹೊಸ ಪುಸ್ತಕ ತಂದು ಕೈಗಿಟ್ಟರೆ ಮೊದಲು ಅದರ ಮೈ ಸವರುತ್ತೇನೆ, ಬೆನ್ನು ಮುಟ್ಟುತ್ತೇನೆ, ಹಾಳೆಗಳ ಅಂಚನ್ನು ಹೆಬ್ಬೆರಳಿನಿಂದ ಸರ್ರನೆ ಬಿಡುತ್ತೇನೆ. ಒಳಗೇನಿದೆ ಎಂದು ಆಮೇಲೆ ನೋಡುತ್ತೇನೆ. ಕೊಟ್ಟವರು ಇದು ನನ್ನ ಶೋಕಿ ಎಂದುಕೊಳ್ಳುತ್ತಾರೆ. ಶೋಕಿಯಲ್ಲ, ಸಿಟ್ಟು.

ರಟ್ಟು, ಬಟ್ಟೆ, ಬೇಗಡೆ ಎಲ್ಲ ಹೊರಗಿನವು, ಒಳಗಿನ ಮಾತೇ ಮುಖ್ಯ ಎಂದು ಯಾರಾದರೂ ಉಪದೇಶ ಮಾಡಿದರೆ ಆ ಸಿಟ್ಟು ಇಮ್ಮಡಿಯಾಗುತ್ತದೆ. ಅದು ಓದು ಬಂದವರ ಮಾತು. ಓದು ಬಾರದವರಿಗೆ ಪುಸ್ತಕವೆಂದರೆ ಹೊರಗೆ ಕಾಣುವುದಷ್ಟೇ. ನನ್ನ ಅವ್ವನಿಗೆ ಓದು ಬರುತ್ತಿರಲಿಲ್ಲ.

ನಮ್ಮೂರು ಆಲಮೇಲದಾಚೆ, ಭೀಮಾ ನದಿಯ ಕಡೆಗೆ. ಕಪ್ಪು ಮಣ್ಣಿನ ಎರೆ ಹೊಲ, ಹಿಂಗಾರಿ ಜೋಳ. ನಾವು ಮುಸಲ್ಮಾನರು, ಅಜ್ಜ ಮುತ್ತಜ್ಜರ ಕಾಲದಿಂದ ಅದೇ ಊರಿನಲ್ಲಿ ಒಕ್ಕಲುತನ ಮಾಡಿದವರು. ಮನೆಯಲ್ಲಿ ಜಗಳ, ಜೋಗುಳ, ಬೈಗುಳ ಎಲ್ಲವೂ ಕನ್ನಡದಲ್ಲೇ. ದೇವರ ಹತ್ತಿರ ಮಾತ್ರ ಬೇರೆ ಭಾಷೆ, ಅದೂ ಅವ್ವನಿಗೆ ಬಾಯಿಪಾಠ ಬಂದಷ್ಟು. ನಾನು ಸಣ್ಣವನಿದ್ದಾಗಲೇ ಅಪ್ಪ ತೀರಿಕೊಂಡ. ಉಡಿಯಲ್ಲಿ ಬೀಜ ಕಟ್ಟಿಕೊಂಡು ಊರವರ ಕೂರಿಗೆಗಳ ಹಿಂದೆ ನಡೆದು ನಡೆದು ಅವ್ವ ನನ್ನನ್ನು ಓದಿಸಿದಳು. ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಸಿಂದಗಿಯಲ್ಲಿ ಕನ್ನಡ ಮಾಸ್ತರನಾಗಿದ್ದೆ.

ಮಾಸ್ತರಿಕೆಯ ನಡುವೆ ಒಂದು ಪುಸ್ತಕ ಬರೆದೆ. ಬಿತ್ತಿಗೆಯ ದಿನಗಳ ಪುಸ್ತಕ. ಕೂರಿಗೆ, ಎತ್ತು, ಬದುವಿನ ಮೇಲೆ ಕೂತು ಉಣ್ಣುವ ರೊಟ್ಟಿ ಬುತ್ತಿ, ಬೀಜ ಹಾಕುತ್ತಾ ಅವ್ವ ಎತ್ತುಗಳನ್ನು ಬಯ್ಯುವ ರೀತಿ, ಇಂಥವೇ. ಬರೆದದ್ದನ್ನು ಒಮ್ಮೆ ಊರಿಗೆ ಒಯ್ದು ಅವಳಿಗೆ ಓದಿ ಹೇಳಲು ಕೂತೆ. ಅವಳು ಕೈ ಅಡ್ಡ ಹಿಡಿದಳು.

"ಬಿಡಿ ಹಾಳಿ ಬ್ಯಾಡೋ ಯಪ್ಪಾ. ಬಿಡಿ ಹಾಳಿ ಅಂದ್ರ ಕೋರ್ಟಿಂದು, ಇಲ್ಲಾ ತಲಾಟಿದು. ನೋಡಿದ್ರ ಎದಿ ಹಾರತೈತಿ. ಬುಕ್ಕ ಆಗಿ ಬರಲಿ, ಆಗ ಓದು. ಕುಂತು ಕೇಳತೇನಿ."

"ಆತು ಅವ್ವಾ."

"ಖರೆ, ನಿಮ್ಮ ಸಾಲ್ಯಾಗ ಬುಕ್ಕ ರಾಶಿಗಟ್ಲೆ ಇರ್ತಾವ. ಅದರಾಗ ನಿಂದು ಯಾವುದಂತ ನನಗ ಹೆಂಗ ತಿಳೀಬೇಕು?"

"ನಿನ್ನ ಸೀರಿ ಉಟಗೊಂಡು ಬರತೈತಿ ತಗೋ. ದೂರಿಂದನ ಗುರುತ ಹಿಡೀತಿ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬುಕ್ಕು ಸೀರೆ ಉಡುವುದು ಅವಳಿಗೆ ಬಹಳ ಮೋಜೆನಿಸಿತು. ಆಮೇಲೆ ಊರಿಗೆ ಹೋದಾಗಲೆಲ್ಲ "ಏನಂತೋ, ಸೀರಿ ಉಟಗೊಂತೋ ಇಲ್ಲೋ ನಿನ್ನ ಬುಕ್ಕ?" ಎಂದು ಕೇಳುತ್ತಿದ್ದಳು. ನಾನು ನಗೆಯಾಡಿ ಹೇಳಿದ ಮಾತು ಹಾಗೆ ಕೊಟ್ಟ ಭಾಷೆಯಾಗಿ ನಿಂತುಬಿಟ್ಟಿತು. ಅವಳು ನನ್ನ ಹತ್ತಿರ ಜೀವಮಾನದಲ್ಲಿ ಬೇರೆ ಏನನ್ನೂ ಕೇಳಿರಲಿಲ್ಲ.

ಆ ಸೀರೆ ಚಂದ್ರಕಾಳಿ. ಮೈಯೆಲ್ಲ ಕಪ್ಪು, ಅಂಚು ಕೆಂಪು. ಒಂದು ವರ್ಷ ಜೋಳ ಚೆನ್ನಾಗಿ ಬಂದಾಗ ಅಪ್ಪ ಇಂಡಿ ಊರಿನ ಸಂತೆಯಲ್ಲಿ ತಂದದ್ದು. ಬಿತ್ತಲು ಹೋಗುವ ದಿನ ಅವ್ವ ಅದನ್ನೇ ಉಡುತ್ತಿದ್ದಳು, ಎರೆ ಮಣ್ಣು ಮೆತ್ತಿದರೂ ಕಾಣುವುದಿಲ್ಲವೆಂದು. ಬದುವಿನ ಮೇಲೆ ಕೂತ ನನಗೆ ದೂರದಿಂದ ಕೆಂಪು ಅಂಚಷ್ಟೇ ಹೊಲದಲ್ಲಿ ನಡೆದು ಹೋಗುವ ಹಾಗೆ ಕಾಣುತ್ತಿತ್ತು. ಉಳಿದ ಅವ್ವ ಹೊಲದ ಬಣ್ಣದಲ್ಲಿ ಕರಗಿಹೋಗಿರುತ್ತಿದ್ದಳು.

ಹಾಗಾಗಿ ನನ್ನ ಪುಸ್ತಕ ಹೇಗಿರಬೇಕೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ರಟ್ಟಿನ ಮೇಲೆ ಕಪ್ಪು ಬಟ್ಟೆ. ಬೆನ್ನಿಗೆ ಕೆಂಪು ಪಟ್ಟಿ. ಹೆಸರು ಸಣ್ಣ ಅಕ್ಷರದಲ್ಲಿ, ಬೆಳ್ಳಿ ಬೇಗಡೆಯಲ್ಲಿ, ಎರೆಯ ಮೇಲೆ ಜೋಳದ ಕಾಳು ಬಿದ್ದ ಹಾಗೆ. ಒಳಗೆ ಹೊಳಪಿಲ್ಲದ ದಪ್ಪ ಹಾಳೆ. ಇದರಲ್ಲಿ ದೊಡ್ಡಸ್ತಿಕೆಯ ಮಾತೇನೂ ಇರಲಿಲ್ಲ, ಆದರೆ ನನ್ನ ಪುಸ್ತಕದ ಮಟ್ಟಿಗೆ ಅದು ಮೊದಲ ಅಕ್ಷರದಷ್ಟೇ ಮುಖ್ಯವಾಗಿತ್ತು.

ಕನ್ನಡ ನಾಡು ಒಂದಾದ ಹುರುಪು ಆಗಿನ್ನೂ ಆರಿರಲಿಲ್ಲ. ನಮ್ಮ ಭಾಗದವರು ಬರೆದದ್ದನ್ನು ನಾವೇ ಅಚ್ಚು ಹಾಕಿಸೋಣವೆಂದು ಕೆಲವರು ಸೇರಿ ಒಂದು ಮಂಡಳಿ ಮಾಡಿಕೊಂಡಿದ್ದರು. ನನ್ನ ಪುಸ್ತಕವೇ ಮೊದಲನೆಯದೆಂದು ಗೊತ್ತುಮಾಡಿದರು. ಮಂಡಳಿಯಲ್ಲಿ ಮಂದಿ ಬಹಳ, ಮಾತು ನಡೆಯುತ್ತಿದ್ದದ್ದು ಇಬ್ಬರದು. ಒಬ್ಬರು ಅಧ್ಯಕ್ಷರು, ಬಸವನ ಬಾಗೇವಾಡಿಯ ರಾಯರು. ಕಚೇರಿಯಲ್ಲಿ ದೊಡ್ಡ ಹುದ್ದೆಯಿಂದ ನಿವೃತ್ತರಾದ ವೈಷ್ಣವರು, ಮನೆಯಲ್ಲಿ ಮರಾಠಿ ಪತ್ರಿಕೆ, ಹೊರಗೆ ಕನ್ನಡದ ಭಾಷಣ. ಇನ್ನೊಬ್ಬರು ಸಿಂದಗಿಯ ತಂಬಾಕಿನ ವ್ಯಾಪಾರಿ, ಎಲ್ಲರೂ ಸಾವ್ಕಾರರೆಂದು ಕರೆಯುತ್ತಿದ್ದ ಮುಸಲ್ಮಾನ ಹಿರಿಯರು. ಇಬ್ಬರೂ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನ್ನ ಸಿಟ್ಟು ಎಂದೋ ಕರಗುತ್ತಿತ್ತು.

ಅಚ್ಚಿನ ಕೆಲಸ ಮುದ್ದೇಬಿಹಾಳದ ಒಂದು ಸಣ್ಣ ಪ್ರೆಸ್ಸಿನಲ್ಲಿ. ನಾನು ರಜೆಯ ದಿನ ಬಸ್ಸು ಹತ್ತಿ, ಹೂವಿನ ಹಿಪ್ಪರಗಿಯ ಧೂಳು ಕುಡಿದು, ಅಲ್ಲಿಗೆ ಹೋಗುತ್ತಿದ್ದೆ. ಆ ದಿನಗಳ ಬಗ್ಗೆ ಮಾತ್ರ ನನಗೆ ಸಿಟ್ಟಿಲ್ಲ. ಶಾಯಿ, ಸೀಮೆಎಣ್ಣೆ, ಹೊಸ ಕಾಗದ, ಈ ವಾಸನೆಗಳ ನಡುವೆ ಪ್ರೆಸ್ಸಿನ ಮಾಲೀಕರು ಹಾಳೆಯ ಮಾದರಿಗಳನ್ನು ಬಟ್ಟೆ ಅಂಗಡಿಯವರ ಹಾಗೆ ಮುಂದೆ ಹರಡುತ್ತಿದ್ದರು. ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವುದು, ಮಡಚುವುದು, ನಾಲಗೆಯ ತುದಿಯಿಂದ ಮೂಲೆ ಒದ್ದೆ ಮಾಡಿ ಶಾಯಿಯ ಗೆರೆ ಎಳೆದು ಹಬ್ಬುತ್ತದೆಯೋ ಇಲ್ಲವೋ ಪರೀಕ್ಷೆ ಮಾಡುವುದು.

ಮಾಲೀಕರಿಗೆ ಮಿರುಗುವ ಹಾಳೆಯ ಮೇಲೆ ಪ್ರೀತಿ. "ಇದನ್ನ ನೋಡ್ರಿ ಮಾಸ್ತರ, ಎಷ್ಟ ನುಣ್ಣಗ ಐತಿ. ಕನ್ನಡಿ ಹಂಗ ಮಾರಿ ಕಾಣತೈತಿ ಇದರಾಗ."

"ನನಗ ಮಾರಿ ಕಾಣೂದು ಬ್ಯಾಡ್ರಿ, ಅಕ್ಷರ ಕಾಣಬೇಕು. ಕಂದೀಲ ಹಚ್ಚಿ ಓದವರಿಗೆ ಇದು ಕಣ್ಣಿಗೆ ಹೊಡೀತೈತಿ."

ಕೊನೆಗೆ ಒಂದು ಹಾಳೆ ಸಿಕ್ಕಿತು. ಜರಡಿ ಹಿಡಿದ ಜೋಳದ ಹಿಟ್ಟಿನ ಬಣ್ಣ, ಮುಟ್ಟಿದರೆ ತುಸು ಒರಟು. ಇದೇ ಎಂದೆ. ತಂತಿ ಹೊಡೆಯುವುದು ಬೇಡ, ತುಕ್ಕು ಹಿಡಿಯುತ್ತದೆ, ದಾರದ ಹೊಲಿಗೆಯೇ ಬೇಕು ಎಂದೆ. ನೆಲದ ಮೇಲೆ ಇಟ್ಟರೆ ಕೈ ಬಿಟ್ಟರೂ ತೆರೆದುಕೊಂಡೇ ಇರಬೇಕು, ನಮ್ಮವರಲ್ಲಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಯಾರು ಓದುತ್ತಾರೆ ಎಂದೆ. ಮಾಲೀಕರು ಎಲ್ಲದಕ್ಕೂ ಹೂಂ ಎಂದರು, ಹಾಗೆಯೇ ಮಾಡಿದರು ಕೂಡ. ಅದು ಅವರ ಕೈಯಲ್ಲಿದ್ದ ಕೆಲಸ.

ಮೇಲಿನ ಬಟ್ಟೆಯ ವಿಷಯಕ್ಕೆ ಮಾತ್ರ ಮಂಡಳಿ ಕೂಡಬೇಕಾಯಿತು. ಬಾಗೇವಾಡಿಯಲ್ಲಿ ರಾಯರ ಮನೆಯ ಪಡಸಾಲೆಯಲ್ಲಿ ಸೇರಿದೆವು. ಚೂಡಾ ಬಂತು, ಚಹಾ ಬಂತು. ನನಗೂ ಸಾವ್ಕಾರರಿಗೂ ಗಾಜಿನ ಗ್ಲಾಸಿನಲ್ಲಿ ಬಂತು, ಉಳಿದವರಿಗೆ ಪಿಂಗಾಣಿಯ ಕಪ್-ಬಸಿಯಲ್ಲಿ. ಆ ಮಾತು ಈಗ ಬೇಡ, ಅದಕ್ಕೆ ಬೇರೆ ಸಿಟ್ಟು ಎತ್ತಿಟ್ಟಿದ್ದೇನೆ.

ನಾನು ಹೇಳಿದ್ದನ್ನು ಕೇಳಿ ರಾಯರು ಹುಬ್ಬು ಗಂಟಿಕ್ಕಿದರು. "ಕರೀ ಬಟ್ಟೀ? ಚೊಚ್ಚಲ ಪುಸ್ತಕ ಅದ ಮಾಸ್ತರ. ಶುಭಕಾರ್ಯದಾಗ ಕರೇದು ಯಾಕ್ರೀ? ನೋಡಿದವರು ಏನಂದಾರು?"

"ರಾಯರ, ನಿಮ್ಮ ಮನಿಗೆ ಹೊಸಾ ಸೊಸಿ ಬಂದ್ಲು ಅಂತಂದ್ರ ಮೊದಲನೇ ಸಂಕ್ರಾಂತಿಗೆ ಏನು ಉಡಸ್ತೀರಿ?"

ರಾಯರು ಚೂಡಾದಲ್ಲಿ ಶೇಂಗಾ ಹುಡುಕತೊಡಗಿದರು. "ಚಂದ್ರಕಾಳಿ ಉಡಸ್ತೇವಿ."

"ಅದು ಯಾವ ಬಣ್ಣರಿ?"

ಒಳಗಿನ ಕೋಣೆಯಲ್ಲಿ ಯಾರೋ ಕಿಸಕ್ಕೆಂದರು. ರಾಯರ ಮುಖ ಕೆಂಪಾಯಿತು. "ಅದು ಸಂಪ್ರದಾಯರೀ. ಅದರ ಮಾತ ಬ್ಯಾರೆ, ಪುಸ್ತಕದ್ದ ಬ್ಯಾರೆ."

ಆಗ ಸಾವ್ಕಾರರು ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. "ಜಗಳ ಯಾಕ? ನಾ ಒಂದು ಹೇಳತೇನಿ ಕೇಳ್ರಿ ಮಾಸ್ತರ. ಹಸರ ಅರಿವಿ ಹಾಕಸ್ರಿ. ಮ್ಯಾಲ ಬಂಗಾರದ್ದೊಂದು ಚಾಂದ, ಒಂದು ಚುಕ್ಕಿ. ನಮ್ಮ ಮಂದಿಯೊಳಗ ಒಬ್ಬಾಂವ ಕನ್ನಡ ಬುಕ್ಕ ಬರದಾನ. ನೋಡಿದವರಿಗೆ ಗೊತ್ತಾಗಬೇಕಲ್ಲ, ಯಾರದಂತ?"

"ವ್ಹಾ! ಅದು ಶೋಭಸ್ತದ ನೋಡ್ರಿ," ರಾಯರು ತೊಡೆ ತಟ್ಟಿದರು. "ಭಾವೈಕ್ಯ ಕಾಣಸ್ತದ."

ಈ ಇಬ್ಬರು ಹಿರಿಯರು ಅಲ್ಲಿಯವರೆಗೆ ಯಾವ ಸಭೆಯಲ್ಲೂ ಯಾವ ವಿಷಯಕ್ಕೂ ಒಪ್ಪಿದವರಲ್ಲ. ಮಂಡಳಿಗೆ ಹೆಸರಿಡುವಾಗ ಕಿತ್ತಾಡಿದ್ದರು, ಸಭೆ ಯಾವ ವಾರ ಸೇರಬೇಕೆಂಬುದಕ್ಕೂ ಕಿತ್ತಾಡಿದ್ದರು. ನಾನು ಹೇಗೆ ಕಾಣಬೇಕು ಎಂಬ ವಿಷಯ ಬಂದ ಕೂಡಲೇ ಅಣ್ಣತಮ್ಮಂದಿರಾದರು.

"ಒಳಗ ಎತ್ತು ಅದಾವ, ಕೂರಿಗಿ ಐತಿ, ಜ್ವಾಳ ಐತಿ," ನನ್ನ ದನಿ ಏರಿತು. "ಚಾಂದ ಒಮ್ಮಿನೂ ಬಂದಿಲ್ಲ. ಬ್ಯಾರೆ ಯಾರರೆ ಇದನ್ನ ಬರದಿದ್ರ ಮ್ಯಾಲ ಕೂರಿಗಿ ಚಿತ್ರ ಹಾಕತಿದ್ರಿ ಇಲ್ಲೋ? ರಾಯರ, ನಿಮ್ಮ ಪ್ರವಾಸದ ಪುಸ್ತಕದ ಮ್ಯಾಲ ದೋಣಿ ಚಿತ್ರ ಇತ್ತು. ಗೋಪಿಚಂದನದ ಮುದ್ರಿ ಇರಲಿಲ್ಲ. ಯಾಕ್ರಿ?"

ನನಗೆ ನಾಲಗೆ ಉದ್ದವೆಂದು ಸಿಂದಗಿಯಲ್ಲಿ ಮೊದಲೇ ಹೆಸರಿತ್ತು, ಅವತ್ತು ಬಾಗೇವಾಡಿಯಲ್ಲೂ ಆಯಿತು. ರಾಯರು ಚೂಡಾದ ತಟ್ಟೆ ಬದಿಗಿಟ್ಟು, "ಆತು ಬಿಡ್ರಿ, ನಿಮ್ಮ ಪುಸ್ತಕ, ನಿಮ್ಮ ಇಚ್ಛಾ," ಎಂದರು. ಸಾವ್ಕಾರರು ಮುಗುಳ್ನಗುತ್ತ ಎಲೆ ಅಡಿಕೆಯ ತಟ್ಟೆ ನನ್ನ ಕಡೆ ಸರಿಸಿದರು. ನಾನು ಗೆದ್ದೆನೆಂದುಕೊಂಡೆ.

ಆ ವಾರ ಊರಿಗೆ ಹೋದಾಗ ಅವ್ವ ತಾನೇ ಚಂದ್ರಕಾಳಿಯ ಒಳಗಿನ ತುದಿಯಿಂದ, ಉಟ್ಟರೆ ಕಾಣದ ಕಡೆಯಿಂದ, ಅಂಗೈಯಗಲದ ತುಂಡು ಕತ್ತರಿಸಿ ಕೊಟ್ಟಳು. ಅದನ್ನು ಮುದ್ದೇಬಿಹಾಳಕ್ಕೆ ಒಯ್ದು ಮಾಲೀಕರ ಕೈಗಿಟ್ಟು, ಇಂಥ ಕಪ್ಪು, ಇಂಥ ಕೆಂಪು ಎಂದು ತೋರಿಸಿದೆ. ಮೊದಲ ಪ್ರತಿ ನನಗೆ ಬೇಡ, ಆಲಮೇಲದ ಬಸ್ಸಿನವರ ಕೈಯಲ್ಲಿ ನೇರವಾಗಿ ನಮ್ಮ ಅವ್ವನಿಗೆ ಮುಟ್ಟಬೇಕು ಎಂದೂ ಹೇಳಿದೆ. ಅವರು ತುಂಡನ್ನು ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು.

ಬೇಸಿಗೆಯ ಆರಂಭದಲ್ಲಿ ನನ್ನನ್ನು ಪರೀಕ್ಷೆಯ ಕೆಲಸಕ್ಕೆ ಇಂಡಿಗೆ ಹಾಕಿದರು. ಅಲ್ಲಿಂದ ಮುಗಿಸಿಕೊಂಡು ಸೀದಾ ಊರಿಗೆ ಹೋದೆ. ಪುಸ್ತಕ ಬಂದಿರುತ್ತದೆ, ಅವ್ವ ಅದನ್ನು ತೊಡೆಯ ಮೇಲಿಟ್ಟುಕೊಂಡು ಓಣಿಯ ಹೆಂಗಸರಿಗೆಲ್ಲ ತೋರಿಸುತ್ತ ಕೂತಿರುತ್ತಾಳೆ ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಮನೆ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಅವ್ವ ಬಾಗಿಲಲ್ಲೇ ತಡೆದಳು. ತಲೆ ತುಂಬ ಸೆರಗು ಹೊದ್ದಿದ್ದಳು.

"ಕಾಲ ತೊಳಕೋ. ಮನ್ಯಾಗ ಕಿತಾಬ ಬಂದೈತಿ."

"ಬಂತಾ! ಹೆಂಗೈತಿ ಅವ್ವಾ?"

"ನಿಂದಲ್ಲೋ. ನಿಂದಿನ್ನೂ ಬಂದಿಲ್ಲ. ಬಸ್ಸಿನಾಂವ ದೇವರ ಕಿತಾಬ ಕೊಟ್ಟು ಹೋದ. ಯಾವ ಪುಣ್ಯಾತ್ಮ ಕಳಿಸ್ಯಾನೋ ಏನೋ. ಓಣ್ಯಾಗಿನವರೆಲ್ಲಾ ಬಂದು ಕಣ್ಣಿಗೆ ಒತ್ತಿಕೊಂಡು ಹ್ವಾದ್ರು. ಬಾಜೂಮನಿ ಗೌಡ್ತಿ ಸೈತ ಕೈ ಮುಗದು ಹ್ವಾದ್ಲು."

ಒಳಗೆ ಲೋಬಾನದ ಹೊಗೆ. ಎತ್ತರದ ಗೂಡಿನಲ್ಲಿ, ಒಗೆದ ಅರಿವೆಯ ಮೇಲೆ, ಪುಸ್ತಕ ಕೂತಿತ್ತು. ಗಾಢ ಹಸಿರು ರೇಷ್ಮೆಯಂಥ ಬಟ್ಟೆ. ನಡುವೆ ಬಂಗಾರದ ಬೇಗಡೆಯಲ್ಲಿ ಅಂಗೈಯಗಲದ ಚಂದ್ರ, ಅದರ ಮಗ್ಗುಲಲ್ಲಿ ಚುಕ್ಕಿ. ಸುತ್ತಲೂ ಬಂಗಾರದ ಬಳ್ಳಿ. ನನ್ನ ಹೆಸರು, ಪುಸ್ತಕದ ಹೆಸರು ಎಲ್ಲೋ ಕೆಳಗೆ, ಬಳ್ಳಿಯ ನಡುವೆ ಇನ್ನೊಂದು ಎಲೆಯ ಹಾಗೆ.

ನಾನು ಅದನ್ನು ತೆಗೆದು ಬಿಡಿಸಿದೆ. ಹಾಳೆ ನಾನು ಆರಿಸಿದ್ದೇ. ಹೊಲಿಗೆ ನಾನು ಹೇಳಿದ್ದೇ. ನೆಲದ ಮೇಲಿಟ್ಟರೆ ಕೈ ಬಿಟ್ಟರೂ ತೆರೆದುಕೊಂಡೇ ಇತ್ತು. ಒಳಗಿನ ಒಂದೂ ತಪ್ಪಿರಲಿಲ್ಲ. ಇಷ್ಟೆಲ್ಲ ಕೇಳಿದವರಿಗೆ ಅದೊಂದು ಮಾತು ಕೇಳಲಿಲ್ಲವೇ?

"ಅವ್ವಾ, ಇದ ನಂದು," ಎಂದೆ.

ಅವಳು ನಂಬಲಿಲ್ಲ. ನಾನು ಮೊದಲ ಸಾಲು ಓದಿದೆ. ಕೂರಿಗೆಯ ಹಿಂದೆ ನಮ್ಮವ್ವ ಬರುತ್ತಿದ್ದಾಳೆ, ಸೆಗಣಿ ಮೆತ್ತಿದ ಕೈಯನ್ನು ಸೀರೆಗೆ ಒರೆಸಿ ಉಡಿಯೊಳಗಿನ ಬೀಜಕ್ಕೆ ಹಾಕುತ್ತಾಳೆ.

"ನಿಂದರು! ನಿಂದರೋ!" ಅವ್ವ ಎರಡೂ ಗಲ್ಲ ಬಡಿದುಕೊಂಡಳು. "ತೋಬಾ, ತೋಬಾ! ಏನ ಬರದೀಯೋ?"

"ನಿನ್ನ ಬಗ್ಗೆ ಬರದೇನಿ. ನಿನಗ ಮೊದಲ ಹೇಳಿದ್ನಲ್ಲಾ."

"ಹೇಳಿದ್ದಿ. ನನಗ ಖಬರ ಐತಿ. ನೀ ಬರದದ್ದು ಸುಳ್ಳು ಅನ್ನೂದಿಲ್ಲ ತಮ್ಮಾ. ಖರೆ, ಮ್ಯಾಲ ಚಾಂದ ಐತಿ. ಹಸರ ಅರಿವಿ ಐತಿ. ಇಂಥಾದರೊಳಗ ನನ್ನ ಸಗಣಿ ಕೈ ಯಾಕ ಇಟ್ಟಿ?"

ಓದಿದವನು ನಾನು, ಭಾಷಣದಲ್ಲಿ ನಾಲ್ಕು ಮಂದಿಯ ಬಾಯಿ ಮುಚ್ಚಿಸುವವನು. ಸೆಗಣಿ ಕೈಯೂ ದೇವರಿಗೆ ಬೇಕಾದದ್ದೇ ಎಂದೆ, ದುಡಿಮೆಗೆ ಮೈಲಿಗೆ ಇಲ್ಲ ಎಂದೆ. ಅವಳು ತಲೆ ಅಲ್ಲಾಡಿಸುತ್ತಲೇ ಇದ್ದಳು. ಹಾಗಾದರೆ ಪುಸ್ತಕ ಅತ್ತ ಇಡುತ್ತೇನೆ, ಬಾಯಿಂದ ಹೇಳುತ್ತೇನೆ ಕೇಳು ಎಂದೆ. "ಅದೂ ಆ ಕಿತಾಬಿನಾಗಿಂದ ಅಲ್ಲೇನು?" ಎಂದಳು. ಅವಳ ಮುಖದಲ್ಲಿ ಕೋಪವಿದ್ದಿದ್ದರೆ ತಾಳಿಕೊಳ್ಳುತ್ತಿದ್ದೆ. ಕೋಪವಿರಲಿಲ್ಲ, ನಾಚಿಕೆಯಿತ್ತು. ಬರಬಾರದ ಕಡೆ ಬಂದು ಕೂತವಳ ನಾಚಿಕೆ. ನನ್ನ ಪುಸ್ತಕದೊಳಗೆ, ತನ್ನದೇ ಹೊಲದಲ್ಲಿ, ತಾನು ಇರಬಾರದೆಂದು ಅವಳಿಗೆ ಅನಿಸಿಬಿಟ್ಟಿತ್ತು.

ಮೂಲೆಯಲ್ಲಿ ಕುಡಗೋಲು ಇತ್ತು. ಎತ್ತಿಕೊಂಡೆ. "ಈ ಹಸರ ಅರಿವೀನ ಕಿತ್ತ ಒಗೀತೇನಿ! ಇದ ಬ್ಯಾಡಂತ ಹೇಳಿದ್ದೆ, ಬಾಯಿ ಬಿಟ್ಟು ಹೇಳಿದ್ದೆ ಸೂಳೇಮಕ್ಕಳಿಗೆ!"

ಅವ್ವ ಬಂದು ನನ್ನ ಮುಂಗೈ ಹಿಡಿದಳು. ಕೂರಿಗೆಯ ಹಿಂದೆ ನಡೆದ ಹೆಂಗಸಿನ ಹಿಡಿತ, ಬಿಡಿಸಿಕೊಳ್ಳಲು ಆಗಲಿಲ್ಲ. "ಹರೀಬ್ಯಾಡ. ಚಾಂದನ ಮ್ಯಾಲ ಕುಡಗೋಲು ಆಡಿಸಬ್ಯಾಡ. ನಿನಗ ಒಳ್ಳೇದಾಗಂಗಿಲ್ಲ. ನಿನ್ನ ಕಾಲ ಬೀಳತೇನೋ ಯಪ್ಪಾ."

ಹೆತ್ತವಳು ಮಗನಿಗೆ ಆಡುವ ಮಾತೇ ಅದು? ಕುಡಗೋಲು ಕೆಳಗಿಟ್ಟೆ. ಆಮೇಲೆ ಅಂಗಳಕ್ಕೆ ಹೋಗಿ ದನದ ಗ್ವಾದಲಿಯ ಹತ್ತಿರ ನಿಂತು ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಸಿಟ್ಟಿಗೂ ಕಣ್ಣೀರು ಬರುತ್ತದೆಂದು ನನಗೆ ಅವತ್ತು ತಿಳಿಯಿತು.

ತಿರುಗಿ ಒಳಗೆ ಬಂದಾಗ ಅವ್ವ ಟ್ರಂಕು ತೆಗೆದಿದ್ದಳು. ಪವಿತ್ರ ಗ್ರಂಥವನ್ನು ನಮ್ಮಲ್ಲಿ ಹೊದಿಕೆಯಿಲ್ಲದೆ ಇಡುವುದಿಲ್ಲ, ಮನೆಯಲ್ಲಿರುವ ಒಳ್ಳೆಯ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಅವಳ ಹತ್ತಿರ ಇದ್ದ ಒಳ್ಳೆಯ ಬಟ್ಟೆ ಒಂದೇ. ಅವಳು ಚಂದ್ರಕಾಳಿಯನ್ನು ಹಾಸಿ, ನಡುವೆ ಹಸಿರು ಪುಸ್ತಕ ಇಟ್ಟು, ಮಡಿಕೆಯ ಮೇಲೆ ಮಡಿಕೆ ಸುತ್ತುತ್ತಿದ್ದಳು. ಕೊನೆಗೆ ಕೆಂಪು ಅಂಚು ಮೇಲೆ ಬರುವ ಹಾಗೆ ಗಂಟು ಹಾಕಿದಳು. ನಾನು ಕೇಳಿದ ಬಟ್ಟೆ ಕಡೆಗೂ ನನ್ನ ಪುಸ್ತಕದ ಮೇಲೆ ಬಂತು. ಅದನ್ನು ಯಾರೂ ತೆರೆಯದ ಹಾಗೆ ಕಟ್ಟಿಹಾಕಲು ಬಂತು.

ಮರು ಹಿಂಗಾರಿಯ ಬಿತ್ತಿಗೆಗೆ ಅವ್ವ ಬೇರೆ ಸೀರೆ ಉಟ್ಟು ಹೋದಳು. ಚಂದ್ರಕಾಳಿ ಈಗ ಕಿತಾಬಿನದಾಗಿತ್ತು.

ಆ ಬೇಸಿಗೆಯ ರಜೆ ಮುಗಿಯುವ ಮೊದಲೇ ನಾನು ಮುದ್ದೇಬಿಹಾಳಕ್ಕೆ ಹೋಗಿದ್ದೆ. ಪ್ರೆಸ್ಸಿನ ಮಾಲೀಕರು ಕೈಕೈ ಹೊಸಕಿದರು. "ನಾ ಏನ ಮಾಡ್ಲಿರಿ? ರಾಯರು, ಸಾವ್ಕಾರರು ಕೂಡೇ ಬಂದ್ರು. ಮಾಸ್ತರಿಗೆ ಮೊದಲ ಹೇಳಬ್ಯಾಡ, ನೋಡಿ ಖುಷಿ ಆಗ್ಲಿ ಅಂದ್ರು." ಅವ್ವ ಕತ್ತರಿಸಿ ಕೊಟ್ಟ ತುಂಡು ಎಲ್ಲಿ ಎಂದು ಕೇಳಿದೆ. ಖಾನೆ ತೆಗೆದರು. ಆ ತುಂಡಿನಿಂದ ಅಚ್ಚಿನ ಮೊಳೆಗಳ ಶಾಯಿ ಒರೆಸಿದ್ದರು. ಕಪ್ಪು ಬಟ್ಟೆಯ ಮೇಲೆ ಶಾಯಿ ಕಾಣುವುದಿಲ್ಲವಲ್ಲ, ಅದಕ್ಕೆ.

ಸಿಂದಗಿಯಲ್ಲಿ ಸಾವ್ಕಾರರ ಅಂಗಡಿಗೆ ಹೋಗಿ ಕೂಗಾಡಿದೆ. ಅವರ ಕಣ್ಣು ತುಂಬಿತು. ಆ ಬಟ್ಟೆಯನ್ನು ಅವರು ಹೈದರಾಬಾದಿನಿಂದ ತರಿಸಿದ್ದರಂತೆ. "ನಿಮ್ಮ ಇಜ್ಜತ್ ಮಾಡೀವಿ ಮಾಸ್ತರ. ಇಷ್ಟ ಚಂದ ಬುಕ್ಕ ಈ ತಾಲ್ಲೂಕಿನ್ಯಾಗ ಯಾರಿಗರೆ ಬಂದೈತೇನು?" ಬಂದಿರಲಿಲ್ಲ. ಅದು ನಿಜವಾಗಿಯೂ ಚಂದದ ಪುಸ್ತಕವಾಗಿತ್ತು. ನನ್ನದಾಗಿರಲಿಲ್ಲ ಅಷ್ಟೇ.

ರಾಯರ ಮೇಲಿನ ಸಿಟ್ಟು ಇನ್ನೂ ಹೆಚ್ಚು. ಸಾವ್ಕಾರರಿಗೆ ಕನ್ನಡ ಅಷ್ಟಾಗಿ ಓದಲು ಬರುತ್ತಿರಲಿಲ್ಲ, ಒಳಗಿನದು ಅವರಿಗೆ ಗೊತ್ತಿಲ್ಲವೆನ್ನೋಣ. ರಾಯರು ಹಸ್ತಪ್ರತಿಯನ್ನು ಅಕ್ಷರ ಬಿಡದೆ ಓದಿದ್ದರು. ಅವ್ವ ಎತ್ತುಗಳನ್ನು ಬಯ್ಯುವ ಕಡೆ ನಕ್ಕು, ನನಗೆ ಬಾಯಿಪಾಠ ಒಪ್ಪಿಸಿದ್ದರು. ಅಷ್ಟು ಓದಿದ ಮೇಲೂ ಆ ಹೆಂಗಸು ಅವರ ಕಣ್ಣಿಗೆ ಬೀಳಲಿಲ್ಲ, ನನ್ನ ಜಾತಿ ಬಿತ್ತು. ಬಾಗೇವಾಡಿಯಲ್ಲಿ ಬಿಡುಗಡೆಯ ಸಭೆ ಮಾಡಿದರು. ಹಾರ ಹಾಕಿದರು. ಮಾತಾಡಿದವರೆಲ್ಲ ಮುಸಲ್ಮಾನರಾದರೂ ಎಂಥ ಕನ್ನಡ, ಮುಸಲ್ಮಾನರಾದರೂ ಎಂಥ ಅಭಿಮಾನ ಎಂದು ಹೊಗಳಿದರು. ನಾನು ಕನ್ನಡವನ್ನು ಎಲ್ಲಿಂದಲೋ ಕಡ ತಂದವನ ಹಾಗೆ. ಜೋಳದ ಮಾತು ಒಬ್ಬರೂ ಎತ್ತಲಿಲ್ಲ. ನನ್ನ ಸರದಿ ಬಂದಾಗ ಎದ್ದು ನಿಂತು, "ಇದು ದೇವರ ಪುಸ್ತಕ ಅಲ್ಲ, ದಯಮಾಡಿ ತೆರೆದು ನೋಡ್ರಿ," ಎಂದಷ್ಟೇ ಹೇಳಿ ಕೂತೆ. ವಿನಯವೆಂದುಕೊಂಡು ಚಪ್ಪಾಳೆ ಹೊಡೆದರು.

ಯಾರೂ ತೆರೆಯಲಿಲ್ಲ. ಶಾಲೆಗಳಿಗೆ ಹೋದ ಪ್ರತಿಗಳನ್ನು ಧರ್ಮದ ಕಪಾಟಿನಲ್ಲಿ ಇಟ್ಟು ಬೀಗ ಹಾಕಿದರು. ಆಲಮೇಲದ ದಾರಿಯ ಒಂದು ಹಳ್ಳಿಯಲ್ಲಿ ಹೆಡ್‌ಮಾಸ್ತರರು, "ನಮ್ಮ ಸಾಲ್ಯಾಗ ನಿಮ್ಮ ಮಂದಿ ಹುಡುಗರು ಇಲ್ರಿ, ಅದಕ್ಕ ಹೊರಗ ತಗದಿಲ್ಲ," ಎಂದು ಬಹಳ ಸಭ್ಯವಾಗಿ ಹೇಳಿದರು. ಅವರ ಶಾಲೆಯ ಹುಡುಗರೆಲ್ಲ ಬಿತ್ತುವವರ ಮಕ್ಕಳೇ.

ಅವ್ವನನ್ನು ಮತ್ತೆ ಕೇಳದೆ ಬಿಡಲಿಲ್ಲ. ಊರಿಗೆ ಹೋದಾಗಲೆಲ್ಲ, ಒಂದು ಪುಟವಾದರೂ ಕೇಳು ಎನ್ನುತ್ತಿದ್ದೆ. "ಇನ್ನೊಂದು ಬರಿ ತಮ್ಮಾ, ಅದನ್ನ ಕೇಳತೇನಿ," ಎನ್ನುತ್ತಿದ್ದಳು. ಬುಕ್ಕು ಸೀರೆ ಉಟ್ಟುಕೊಂಡಿತೋ ಇಲ್ಲವೋ ಎಂದು ಆಮೇಲೆ ಅವಳು ಒಮ್ಮೆಯೂ ನಗೆಯಾಡಲಿಲ್ಲ. ಶುಕ್ರವಾರ ಗೂಡಿನ ಮುಂದೆ ಲೋಬಾನ ಹಾಕುವುದನ್ನು ಮಾತ್ರ ತಪ್ಪಿಸಲಿಲ್ಲ. ಅರವತ್ತರ ದಶಕ ಮುಗಿಯುವ ಮೊದಲೇ ಒಂದು ಬೇಸಿಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ನಾನು ಇನ್ನೊಂದನ್ನು ಬರೆದಿರಲಿಲ್ಲ.

ಅವಳು ಹೋದ ಮರುವರ್ಷ ಬೇರೆ ಊರಿನ ಪ್ರಕಾಶಕರೊಬ್ಬರು ಪುಸ್ತಕವನ್ನು ಎಲ್ಲೋ ಹಳೆಯ ರಾಶಿಯಲ್ಲಿ ಕಂಡು, ತೆರೆದು ಓದಿ, ಎರಡನೆಯ ಸಲ ಅಚ್ಚು ಹಾಕುತ್ತೇನೆಂದು ಬಂದರು. ಹೊಸ ಕಾಲದ ಹುಡುಗ, ಕನ್ನಡಕದವನು. ನಾನು ಜಗಳಕ್ಕೆ ಸಿದ್ಧನಾಗಿಯೇ ಕೂತಿದ್ದೆ. ಕಪ್ಪು ಬಟ್ಟೆ, ಕೆಂಪು ಬೆನ್ನು, ಬೆಳ್ಳಿ ಬೇಗಡೆ ಎಂದೆ.

"ಭಾಳ ಚಂದ ಆಗತೈತಿ ಸರ್. ಈಗ ಎಲ್ಲಾ ಕಡೆ ಕಪ್ಪ ನಡದೈತಿ," ಎಂದ.

ಅಷ್ಟೇ. ಒಂದು ನಿಮಿಷದ ಮಾತು. ಯಾರೂ ಅಪಶಕುನ ಎನ್ನಲಿಲ್ಲ, ಯಾರೂ ಚಾಂದ ತರಲಿಲ್ಲ. ಪುಸ್ತಕ ಬಂದ ಮೇಲೆ ರಾಯರು ಸಹ ದಾರಿಯಲ್ಲಿ ಸಿಕ್ಕಾಗ, ಏನು ಅಭಿರುಚಿ ಮಾಸ್ತರ ನಿಮ್ಮದು ಎಂದು ಬೆನ್ನು ತಟ್ಟಿದರು. ಆ ಕೈಯನ್ನು ನಾನು ಬೆನ್ನಿನಿಂದ ಸರಿಸಿದೆ. ಅವರಿಗೆ ಯಾಕೆಂದು ತಿಳಿಯಲಿಲ್ಲ.

ಹೊಸ ಪುಸ್ತಕ ಹಿಡಿದುಕೊಂಡು ಊರಿಗೆ ಹೋದೆ. ಬೀಗ ತೆಗೆದು ಒಳಗೆ ಬಂದೆ. ಗೂಡಿನಲ್ಲಿ ಚಂದ್ರಕಾಳಿಯ ಗಂಟು ಧೂಳು ಹಿಡಿದು ಹಾಗೇ ಇತ್ತು. ಕರಿಯ ಪುಸ್ತಕವನ್ನು ಅದರ ಪಕ್ಕಕ್ಕೆ ಇಟ್ಟು, ಬಾಗಿಲ ತನಕ ಹಿಂದೆ ಸರಿದು ನೋಡಿದೆ. ಕಪ್ಪು ಹೊಂದಿತ್ತು. ಅಂಚಿನ ಕೆಂಪೂ ಹೊಂದಿತ್ತು. ದೂರದಿಂದಲೇ ಗುರುತು ಹಿಡಿಯಬಹುದಾಗಿತ್ತು.

ಗಂಟನ್ನು ಬಿಚ್ಚಲಿಲ್ಲ, ಅದು ಅವಳು ಹಾಕಿದ್ದು. ಹೊಸದನ್ನು ತೆಗೆದುಕೊಂಡು ಅವಳು ಕೂಡುತ್ತಿದ್ದ ಜಾಗದ ಎದುರಿಗೆ ಕೂತೆ, ನೆಲದ ಮೇಲೆ ತೆರೆದಿಟ್ಟು, ಅವಳಿಗೆ ಕೇಳುವಷ್ಟು ಜೋರಾಗಿ ಮೊದಲ ಸಾಲು ಓದಿದೆ. ಕೂರಿಗೆಯ ಹಿಂದೆ ಅವ್ವ ಬಂದಳು. ಸೆಗಣಿ ಕೈ ಬಂತು. ನಿಂದರು ಎನ್ನುವವರು ಯಾರೂ ಇರಲಿಲ್ಲ. ಅಲ್ಲಿಂದ ಮುಂದೆ ನನಗೇ ಓದಲು ಆಗಲಿಲ್ಲ.